ನೋವು ನೀಗುವ ಯಂತ್ರದ ಮಗ್ಗುಲಲ್ಲಿ ನಿಂತವರು

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತು ನಾವು ಮಾತಾಡಲು ನಿಂತಿರುವುದು ಕೂಲಿಯ ವಿಷಯವಲ್ಲ, ಬೋನಸ್ಸಿನ ವಿಷಯವಲ್ಲ, ಅಕ್ಕಿಬೇಳೆಯ ಧಾರಣೆಯ ವಿಷಯವೂ ಅಲ್ಲ. ನಿಮ್ಮ ಬೆನ್ನುನೋವಿಗೆ, ಭುಜದ ಹಿಡಿತಕ್ಕೆ, ಮಂಡಿನೋವಿಗೆ ಆಸ್ಪತ್ರೆಯಲ್ಲಿ "ಕರೆಂಟು ಕೊಡುವ" ಹೆಣ್ಣುಮಕ್ಕಳ ವಿಷಯ. ಅವರನ್ನು ಫಿಸಿಯೋಥೆರಪಿಸ್ಟ್ ಎನ್ನುತ್ತಾರೆ. ಓದಿ ಪದವಿ ಪಡೆದವರು, ಬಿಳಿಯ ಕೋಟು ಹಾಕಿಕೊಂಡವರು. ಅವರಿಗೂ ನಮಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧವಿದೆ. ಕೋಟಿನ ಬಣ್ಣ ಯಾವುದಾದರೇನು, ಯಂತ್ರದ ಪಕ್ಕದಲ್ಲಿ ನಿಂತು ಪಾಳಿ ಮುಗಿಸಿ ಸಂಬಳ ಎಣಿಸುವವರೆಲ್ಲ ದುಡಿಯುವ ಜನವೇ.

ನೂಲಿನ ಖಾತೆಯಲ್ಲಿ ಎಂಟು ತಾಸು ನಿಂತವನ ಸೊಂಟ ಹಿಡಿಯುತ್ತದೆ. ಮೂಟೆ ಹೊತ್ತ ಹಮಾಲನ ಭುಜ ಬೀಳುತ್ತದೆ. ಗಲ್ಲಾದ ಮುಂದೆ ಬೆಳಗಿನಿಂದ ರಾತ್ರಿಯತನಕ ಕುಳಿತ ಅಂಗಡಿಯವನ ಕುತ್ತಿಗೆ ತಿರುಗದಾಗುತ್ತದೆ. ಡಾಕ್ಟರು ಚೀಟಿ ಬರೆದು ಕಳಿಸುತ್ತಾರೆ. ಆ ಕೋಣೆಯಲ್ಲಿ ಒಂದು ಪೆಟ್ಟಿಗೆ, ಅದರಿಂದ ಹೊರಟ ಎರಡು ದಪ್ಪ ಕೇಬಲ್ಲು, ಕೇಬಲ್ಲಿನ ತುದಿಗೆ ಎರಡು ಪಟ್ಟಿ. ನೋವಿರುವ ಜಾಗದ ಎರಡೂ ಬದಿಗೆ ಪಟ್ಟಿ ಇಟ್ಟು ಗುಂಡಿ ತಿರುಗಿಸಿದರೆ ಹದವಾದ ಕಾವು ಒಳಕ್ಕೆ ಇಳಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಕಳೆದರೆ ಹಗುರಾಗಿ ಎದ್ದು ಮನೆಗೆ ಹೋಗುತ್ತೀರಿ. ಆಕೆ ಹೋಗುವುದಿಲ್ಲ. ಮುಂದಿನ ರೋಗಿ ಬಂದು ಮಲಗುತ್ತಾನೆ, ಅವನ ಹಿಂದೆ ಇನ್ನೊಬ್ಬ. ರೋಗಿ ತನ್ನ ರೋಗಕ್ಕಾಗಿ ಕೆಲವು ದಿನ ಆ ಕಾವನ್ನು ತೆಗೆದುಕೊಳ್ಳುತ್ತಾನೆ. ಕೆಲಸಗಾರ್ತಿ ಯಾವ ರೋಗವೂ ಇಲ್ಲದೆ ವರ್ಷಗಟ್ಟಲೆ ಅದರ ಪಕ್ಕದಲ್ಲಿರುತ್ತಾಳೆ. ನಮ್ಮ ಮಾತು ಹುಟ್ಟುವುದು ಇಲ್ಲಿಂದಲೇ.

ಆ ಪೆಟ್ಟಿಗೆಯಿಂದ ಬರುವುದೇನು ಎಂಬುದನ್ನು ಮೊದಲು ತಿಳಿಯೋಣ. ಈ ಚಿಕಿತ್ಸೆಗೆ ಡಯಾಥರ್ಮಿ ಎಂದು ಹೆಸರು. ಒಳಗೆ ಹಾದುಹೋಗುವ ಕಾವು ಎಂಬ ಅರ್ಥದ ಗ್ರೀಕ್ ಮಾತುಗಳಿಂದ ಕಟ್ಟಿದ ಪದವದು. ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವುದು ಶಾರ್ಟ್‌ವೇವ್ ಯಂತ್ರ. ಅದರ ವಿದ್ಯುತ್ತು ಒಂದು ಸೆಕೆಂಡಿಗೆ ೨ ಕೋಟಿ ೭೧ ಲಕ್ಷ ೨೦ ಸಾವಿರ ಸಲ ಹಿಂದುಮುಂದಾಗುತ್ತದೆ. ಅದರಿಂದ ಏಳುವ ಅಲೆಯ ಉದ್ದ ಸುಮಾರು ೧೧ ಮೀಟರು. ಜಾತಿಯಿಂದ ಇದು ರೇಡಿಯೋ ಅಲೆಯೇ. ಇನ್ನೊಂದು ಬಗೆ ಮೈಕ್ರೋವೇವ್ ಯಂತ್ರ. ಇದರಲ್ಲಿ ಸೆಕೆಂಡಿಗೆ ೨೪೫ ಕೋಟಿ ಸಲ. ಉಳ್ಳವರ ಅಡಿಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವುದೂ ಇದೇ ಅಲೆ. ಆದರೆ ಒಲೆಗೆ ಗಟ್ಟಿಯಾದ ಬಾಗಿಲಿದೆ, ಬಾಗಿಲು ತೆರೆದರೆ ಯಂತ್ರ ತಾನೇ ನಿಲ್ಲುತ್ತದೆ. ಚಿಕಿತ್ಸೆಯ ಯಂತ್ರಕ್ಕೆ ಬಾಗಿಲಿಲ್ಲ. ಪಟ್ಟಿಯಿಂದ ರೋಗಿಯ ಮೈಗೆ ಹೋಗಬೇಕಾದ ಅಲೆಯಲ್ಲಿ ಒಂದು ಪಾಲು ಸುತ್ತಲೂ ಚೆಲ್ಲುತ್ತದೆ. ಕೇಬಲ್ಲಿನಿಂದಲೂ ಚೆಲ್ಲುತ್ತದೆ. ಬಟ್ಟೆಯ ಪರದೆ, ಹಲಗೆಯ ಅಡ್ಡಗೋಡೆ ಇವು ಅದನ್ನು ತಡೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ವಿಕಿರಣ ಎಂದ ಕೂಡಲೇ ಹಿರೋಷಿಮಾದ ಬಾಂಬು ಕಣ್ಣ ಮುಂದೆ ಬರುತ್ತದೆ. ಜನರನ್ನು ಹೆದರಿಸಿ ಕೈ ಚಪ್ಪಾಳೆ ಗಿಟ್ಟಿಸುವುದು ನಮ್ಮ ಕೆಲಸವಲ್ಲ. ಎಕ್ಸ್‌ರೇ ಕಿರಣಕ್ಕೆ ಪರಮಾಣುವಿನೊಳಗಿನ ಎಲೆಕ್ಟ್ರಾನನ್ನು ಕಿತ್ತು ಹೊರಹಾಕುವ ಬಲವಿದೆ. ಅದರಿಂದ ಜೀವಕಣದ ಒಳಗಿನ ತಂತು ಮುರಿಯುತ್ತದೆ. ರೇಡಿಯೋ ಅಲೆಗೆ ಆ ಬಲವಿಲ್ಲ. ಅದು ಖಚಿತವಾಗಿ ಮಾಡುವ ಕೆಲಸ ಕಾಯಿಸುವುದು. ಹಾಗೆಂದು ಕಾವೇನು ಸಣ್ಣ ಸಂಗತಿಯಲ್ಲ. ಬಸಿರಿನ ಮೊದಲ ವಾರಗಳಲ್ಲಿ ತಾಯಿಯ ಮೈಕಾವು ತೀರ ಏರಿದರೆ ಕೂಸಿನ ಮಿದುಳು, ಬೆನ್ನುಹುರಿ ಕೂಡುವ ಕೆಲಸ ಕೆಡಬಹುದೆಂದು ವೈದ್ಯರು ಬಲ್ಲರು. ಗಂಡಸಿನ ವೀರ್ಯಾಣು ಬೆಳೆಯುವುದಕ್ಕೂ ಮೈಕಾವಿಗಿಂತ ತುಸು ತಂಪು ಬೇಕು. ಆದಕಾರಣವೇ ಪ್ರಕೃತಿ ಆ ಅಂಗವನ್ನು ಮೈಯ ಹೊರಗಿಟ್ಟಿದೆ. ಯಂತ್ರದಿಂದ ದೂರ ನಿಂತವರ ಮೈ ಹಾಗೆಲ್ಲ ಕಾಯುವುದಿಲ್ಲ. ಹತ್ತಿರ, ಹೆಚ್ಚು ಹೊತ್ತು, ದಿನವೂ ನಿಂತರೆ ಏನು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೆಲವು ದೇಶಗಳಲ್ಲಿ ಕೇಳಿದ್ದಾರೆ. ಅವರಿಗೆ ಸಿಕ್ಕ ಉತ್ತರವನ್ನು ಇದ್ದದ್ದು ಇದ್ದಹಾಗೆ ನಿಮ್ಮ ಮುಂದಿಡುತ್ತೇವೆ. ತಕ್ಕಡಿ ಹಿಡಿದು ಬದುಕುವವರು ನಿಮ್ಮಲ್ಲಿದ್ದೀರಿ. ತೂಕ ನೀವೇ ನೋಡಿ.

ಸ್ವೀಡನ್ ದೇಶದಲ್ಲಿ ೧೯೭೩ರಿಂದ ೧೯೭೮ರವರೆಗೆ ಫಿಸಿಯೋಥೆರಪಿಸ್ಟ್ ತಾಯಂದಿರಿಗೆ ಹುಟ್ಟಿದ ೨,೦೪೩ ಮಕ್ಕಳ ಲೆಕ್ಕವನ್ನು ತೆಗೆದರು. ೧೯೮೨ರಲ್ಲಿ ಅದು ಪ್ರಕಟವಾಯಿತು. ಒಟ್ಟಿನಲ್ಲಿ ನೋಡಿದರೆ ಆ ಮಕ್ಕಳ ಸ್ಥಿತಿ ದೇಶದ ಉಳಿದ ಮಕ್ಕಳಿಗಿಂತ ಕೆಟ್ಟದಾಗಿರಲಿಲ್ಲ. ಆದರೆ ಅಂಗದೋಷವಿದ್ದ ಅಥವಾ ಹುಟ್ಟುವಾಗ ತೀರಿಕೊಂಡ ಮಕ್ಕಳ ತಾಯಂದಿರನ್ನು ಬೇರೆಮಾಡಿ ಕೇಳಿದಾಗ, ಶಾರ್ಟ್‌ವೇವ್ ಯಂತ್ರವನ್ನು ಹೆಚ್ಚಾಗಿ ಬಳಸಿದವರು ಅವರಲ್ಲಿ ಜಾಸ್ತಿ ಕಂಡರು.

೧೯೯೦ರಲ್ಲಿ ಫಿನ್‌ಲೆಂಡಿನವರು ಗರ್ಭಸ್ರಾವದ ಲೆಕ್ಕ ನೋಡಿದರು. ವಾರಕ್ಕೆ ಐದು ತಾಸು ಮತ್ತು ಅದಕ್ಕಿಂತ ಹೆಚ್ಚು ಶಾರ್ಟ್‌ವೇವ್ ಹತ್ತಿರ ಇದ್ದವರಲ್ಲಿ ಹತ್ತನೆಯ ವಾರದ ಅನಂತರ ಬಸಿರು ಹೋದದ್ದು ಹೆಚ್ಚು ಕಂಡಿತು. ಆದರೆ ಭಾರ ಎತ್ತುವುದು, ರೋಗಿಗಳನ್ನು ಹಿಡಿದೆತ್ತಿ ಸರಿಸುವುದು ಇವೆಲ್ಲವನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡಾಗ ಒಂದೊಂದರ ಮೇಲಿನ ಆರೋಪವೂ ಸಡಿಲವಾಯಿತು. ಇದನ್ನು ನಮ್ಮ ಗಿರಣಿಯ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸದ ಕಷ್ಟ ಒಂದೇ ಬಾಗಿಲಿನಿಂದ ಬರುವುದಿಲ್ಲ.

೧೯೯೧ರಲ್ಲಿ ಡೆನ್ಮಾರ್ಕಿನಿಂದ ಒಂದು ವಿಚಿತ್ರ ಸುದ್ದಿ ಬಂತು. ಅಲೆಗಳಿಗೆ ಹೆಚ್ಚು ಸಿಕ್ಕಿದ ತಾಯಂದಿರ ಮಕ್ಕಳಲ್ಲಿ ಗಂಡು ಶೇಕಡಾ ೨೩.೫ ಮಾತ್ರ ಎಂದು. ಆದರೆ ಆ ಗುಂಪೇ ಬಹಳ ಚಿಕ್ಕದು. ಒಂದು ಸಂತೆಯ ವ್ಯಾಪಾರ ನೋಡಿ ವರ್ಷದ ಲಾಭ ಹೇಳಲು ಬರುತ್ತದೆಯೇ? ೧೯೯೪ರಲ್ಲಿ ಸ್ವಿಟ್ಜರ್ಲೆಂಡಿನವರು ೧,೭೮೧ ಬಸಿರುಗಳ ಲೆಕ್ಕ ಹಿಡಿದು ನೋಡಿದರು. ಯಂತ್ರದ ಬಳಿ ಇದ್ದವರಿಗೆ ೧೦೦ ಹೆಣ್ಣಿಗೆ ೧೦೭ ಗಂಡು, ಇಲ್ಲದವರಿಗೆ ೧೦೦ಕ್ಕೆ ೧೦೧. ಡೆನ್ಮಾರ್ಕಿನ ಮಾತು ಅಲ್ಲಿ ನಿಲ್ಲಲಿಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಅಮೆರಿಕದ್ದು, ೧೯೯೩ರದು. ೧,೭೫೩ ಗರ್ಭಸ್ರಾವಗಳನ್ನು ಅಷ್ಟೇ ಸಂಖ್ಯೆಯ ಇತರ ಬಸಿರುಗಳೊಡನೆ ಹೋಲಿಸಿದರು. ಶಾರ್ಟ್‌ವೇವ್ ಬಳಸಿದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಸಿರಿಗೆ ಮುಂಚಿನ ಆರು ತಿಂಗಳಲ್ಲಿ ಅಥವಾ ಮೊದಲ ಮೂರು ತಿಂಗಳಲ್ಲಿ ಮೈಕ್ರೋವೇವ್ ಯಂತ್ರ ಬಳಸಿದವರಲ್ಲಿ ಮಾತ್ರ ಅಪಾಯದ ಪ್ರಮಾಣ ೧೦೦ ಇದ್ದದ್ದು ೧೨೮ ಆಯಿತು. ಬಳಕೆ ಹೆಚ್ಚಾದಷ್ಟೂ ಅಪಾಯವೂ ಏರುತ್ತ ಹೋಯಿತು. ಇಲ್ಲಿಯೂ ಅವರು ಕೇಳಿದ್ದು ಹಿಂದೆ ಮಾಡಿದ ಕೆಲಸದ ನೆನಪನ್ನು. ಬಸಿರು ಕಳೆದುಕೊಂಡವಳು ಹಳೆಯದನ್ನು ಹೆಚ್ಚು ಕೆದಕಿ ನೆನೆಯುತ್ತಾಳೆ ಎಂಬ ತಕರಾರನ್ನು ತಳ್ಳಿಹಾಕುವಂತಿಲ್ಲ.

ಬಂಧುಗಳೇ, ಇದು ಲೆಕ್ಕ. ತಕ್ಕಡಿಯ ಮುಳ್ಳು ಒಂದು ಕಡೆಗೆ ಪೂರ್ತಿ ಬಿದ್ದಿಲ್ಲ. ಶಾರ್ಟ್‌ವೇವ್ ಯಂತ್ರವೇ ಬಸಿರು ಕೆಡಿಸುತ್ತದೆಂದು ಯಾರಾದರೂ ಹೇಳಿದರೆ ಅದು ಸಾಬೀತಾಗದ ಮಾತು. ಏನೂ ಆಗುವುದಿಲ್ಲ, ಸುಮ್ಮನೆ ಕೆಲಸ ನೋಡು ಎಂದು ಹೇಳಿದರೆ ಅದೂ ಸಾಬೀತಾಗದ ಮಾತೇ. ಯಾವ ಯಂತ್ರವೂ ಇಲ್ಲದ ಕಡೆಯಲ್ಲಿಯೂ ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಹತ್ತು ಹದಿನೈದು ನಿಲ್ಲುವುದಿಲ್ಲ. ಹಾಗಾಗಿ ಬಸಿರು ಕಳೆದುಕೊಂಡ ಯಾವ ಸೋದರಿಯೂ ತನ್ನ ಕೆಲಸದಿಂದಲೇ ಹೀಗಾಯಿತೆಂದು ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ. ಆಕೆಯನ್ನು ಮನೆಯವರು ಹಳಿಯುವುದಂತೂ ಸಲ್ಲದು.

ಹಾಗಾದರೆ ಸಾಬೀತಾಗುವವರೆಗೆ ಕಾಯಬೇಕೇ? ಮಾಲೀಕರು ಯಾವಾಗಲೂ ಹೇಳುವುದು ಇದನ್ನೇ: ಮೊದಲು ರುಜುವಾತು ತನ್ನಿ, ಆಮೇಲೆ ನೋಡೋಣ. ಕಾದರೆ ಏನಾಗುತ್ತದೆ ಎಂಬುದಕ್ಕೆ ಎಕ್ಸ್‌ರೇಯ ಚರಿತ್ರೆ ಸಾಕ್ಷಿ. ೧೮೯೫ರಲ್ಲಿ ರಂಟ್ಜೆನ್ ಆ ಕಿರಣವನ್ನು ಕಂಡುಹಿಡಿದ. ಅಮೆರಿಕದಲ್ಲಿ ಎಡಿಸನ್ನನ ಪ್ರಯೋಗಶಾಲೆಯಲ್ಲಿ ಕ್ಲಾರೆನ್ಸ್ ಡ್ಯಾಲಿ ಎಂಬ ಗಾಜು ಊದುವ ಕೆಲಸಗಾರನಿದ್ದ. ಎಕ್ಸ್‌ರೇ ಕೊಳವೆಗಳನ್ನು ತನ್ನ ಕೈಯನ್ನೇ ಅಡ್ಡ ಹಿಡಿದು ಪರೀಕ್ಷಿಸುತ್ತಿದ್ದ. ಕೈ ಸುಟ್ಟು ಹುಣ್ಣಾಯಿತು, ಹುಣ್ಣು ಕ್ಯಾನ್ಸರಾಯಿತು, ತೋಳುಗಳನ್ನು ಕತ್ತರಿಸಿದರು, ೧೯೦೪ರಲ್ಲಿ ಸತ್ತ. ಎಕ್ಸ್‌ರೇ ಕೆಲಸದಲ್ಲಿ ಪ್ರಾಣ ತೆತ್ತವರ ನೆನಪಿಗೆ ಜರ್ಮನಿಯ ಹ್ಯಾಂಬರ್ಗಿನ ಒಂದು ಆಸ್ಪತ್ರೆಯ ಆವರಣದಲ್ಲಿ ೧೯೩೬ರಲ್ಲಿ ಕಲ್ಲು ನೆಟ್ಟಾಗ ಅದರ ಮೇಲೆ ೧೬೯ ಹೆಸರುಗಳಿದ್ದವು. ಇಂಥವರ ಹೆಣಗಳ ಮೇಲೆ ನಡೆದು ನಿಯಮಗಳು ಬಂದುವು.

ಈಗ ನಮ್ಮ ದೇಶದಲ್ಲಿ ೧೯೮೩ರಲ್ಲಿ ಸ್ಥಾಪಿಸಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ಎಕ್ಸ್‌ರೇ ಕೋಣೆಯ ಕೆಲಸಗಾರರ ಎದೆಯ ಮೇಲೆ ಬಿಲ್ಲೆ ಇರುತ್ತದೆ. ಎಷ್ಟು ಕಿರಣ ತಗುಲಿತೆಂದು ಆ ಬಿಲ್ಲೆ ಲೆಕ್ಕ ಇಡುತ್ತದೆ. ಅದೇ ಆಸ್ಪತ್ರೆಯಲ್ಲಿ ನಾಲ್ಕು ಕೋಣೆಗಳಾಚೆ ಕರೆಂಟು ಕೊಡುವವಳ ಎದೆಯ ಮೇಲೆ ಬಿಲ್ಲೆ ಇಲ್ಲ. ಇಟ್ಟರೂ ಪ್ರಯೋಜನವಿಲ್ಲ, ಏಕೆಂದರೆ ಆ ಬಿಲ್ಲೆಗೆ ರೇಡಿಯೋ ಅಲೆ ಕಾಣುವುದಿಲ್ಲ. ಇವಳಿಗೆ ಎಷ್ಟು ತಗುಲಿತೆಂಬ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ಬರೆಯುವವರಿಲ್ಲ. ಲೆಕ್ಕವೇ ಇಡದವರು ರುಜುವಾತು ಕೇಳುವುದು ಯಾವ ನ್ಯಾಯ?

ಸಮಾಧಾನದ ಸಂಗತಿಯೊಂದಿದೆ. ಈ ಅಪಾಯಕ್ಕೆ ಮದ್ದು ದುಬಾರಿಯದಲ್ಲ, ದೂರ ನಿಲ್ಲುವುದೇ ಮದ್ದು. ಪಟ್ಟಿ ಮತ್ತು ಕೇಬಲ್ಲಿನ ಹತ್ತಿರ ಅಲೆಯ ಬಲ ಮಿತಿಮೀರಿರುತ್ತದೆ, ಹೆಜ್ಜೆ ಹಿಂದಿಟ್ಟಂತೆ ಬೇಗ ಬೇಗ ಇಳಿಯುತ್ತದೆ. ಐರ್ಲೆಂಡಿನಲ್ಲಿ ಆಸ್ಪತ್ರೆಗಳ ಯಂತ್ರಗಳನ್ನೇ ಅಳೆದು ನೋಡಿದವರು ೨೦೦೪ರಲ್ಲಿ ಹೇಳಿದ್ದಿಷ್ಟು: ಬಿಡದೆ ಹರಿಯುವ ಶಾರ್ಟ್‌ವೇವ್ ಆದರೆ ಕೆಲಸಗಾರರು ೨ ಮೀಟರು ದೂರವಿರಬೇಕು, ಬಿಟ್ಟುಬಿಟ್ಟು ಹರಿಯುವುದಾದರೆ ಒಂದೂವರೆ ಮೀಟರು. ಎರಡು ಮೀಟರೆಂದರೆ ಆರೂವರೆ ಅಡಿ, ಬಟ್ಟೆ ಅಂಗಡಿಯವರ ಲೆಕ್ಕದಲ್ಲಿ ನಾಲ್ಕು ಮೊಳಕ್ಕೆ ತುಸು ಹೆಚ್ಚು. ಒಂದು ಜೀವದ ಕಾವಲಿಗೆ ನಾವು ಕೇಳುತ್ತಿರುವುದು ನಾಲ್ಕು ಮೊಳ ನೆಲ. ಆದರೆ ಅಷ್ಟೂ ನೆಲ ಎಷ್ಟೋ ಕಡೆ ಇಲ್ಲ. ಪೇಟೆಬೀದಿಯ ಚಿಕಿತ್ಸಾಲಯಗಳನ್ನು ನೀವು ನೋಡಿದ್ದೀರಿ. ಒಂದು ಅಂಗಡಿ ಮಳಿಗೆಯನ್ನು ಹಲಗೆಯಿಂದ ಮೂರು ಪಾಲು ಮಾಡಿ, ಮೂರು ಕಬ್ಬಿಣದ ಮಂಚ ಹಾಕಿ, ನಡುವೆ ಆಕೆಗೊಂದು ಕುರ್ಚಿ. ಲೋಹದ ಮಂಚ ಅಲೆಯನ್ನು ಹಿಡಿದು ಬೇರೆ ಕಡೆಗೆ ಹಾಯಿಸುತ್ತದೆ. ಹಲಗೆಯ ಆಚೆ ಬದಿಯಲ್ಲಿ ಬೆನ್ನು ಕೊಟ್ಟು ಕುಳಿತವರು ಪಕ್ಕದ ಅಂಗಡಿಯವರೂ ಆಗಿರಬಹುದು. ಆದ್ದರಿಂದ ವ್ಯಾಪಾರಿ ಮಿತ್ರರೇ, ಇದು ನಿಮ್ಮ ಗೋಡೆಯ ವಿಷಯವೂ ಹೌದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಬಸುರಿಯಾದವಳು ತಿಳಿಸಿದರೆ ಅವಳನ್ನು ಯಂತ್ರದಿಂದ ಬಿಡಿಸುತ್ತೇವೆ ಎಂದು ಒಳ್ಳೆಯ ಆಸ್ಪತ್ರೆಗಳು ಹೇಳುತ್ತವೆ. ಒಳ್ಳೆಯದೇ. ಆದರೆ ಕೂಸಿನ ಅಂಗಾಂಗಗಳು ಮೂಡುವುದು ಮೊದಲ ವಾರಗಳಲ್ಲಿ. ಮುಟ್ಟು ತಪ್ಪಿ, ಅನುಮಾನ ಬಂದು, ಪರೀಕ್ಷೆಯಾಗಿ, ಮನೆಯವರಿಗೆ ಹೇಳಿ, ಆಮೇಲೆ ಮೇಲಿನವರಿಗೆ ತಿಳಿಸುವ ಹೊತ್ತಿಗೆ ಆ ವಾರಗಳು ಕಳೆದಿರುತ್ತವೆ. ಕರಾರಿನ ಕೆಲಸದಲ್ಲಿರುವವಳು ಬಸಿರಿನ ಸುದ್ದಿ ಕೇಳಿ ಕೆಲಸದಿಂದ ತೆಗೆದಾರೆಂದು ಹೆದರಿ ಇನ್ನಷ್ಟು ದಿನ ಬಾಯಿ ಬಿಡುವುದಿಲ್ಲ. ಆದುದರಿಂದ ಕಾವಲು ಬಸುರಿಗೆ ಮಾತ್ರ ಇದ್ದರೆ ಸಾಲದು. ಇಡೀ ಕೋಣೆಗೆ, ಅಲ್ಲಿ ದುಡಿಯುವ ಎಲ್ಲರಿಗೆ, ಗಂಡಸರಿಗೂ ಹೆಂಗಸರಿಗೂ, ಎಲ್ಲ ದಿನವೂ ಇರಬೇಕು. ಈ ಅಲೆಗಳ ಮಿತಿಯನ್ನು ಗೊತ್ತುಮಾಡುವ ಅಂತರರಾಷ್ಟ್ರೀಯ ಆಯೋಗ ೨೦೨೦ರ ತನ್ನ ಮಾರ್ಗಸೂಚಿಯಲ್ಲಿ ಒಂದು ನ್ಯಾಯವಾದ ಮಾತು ಹೇಳಿದೆ. ಕೆಲಸಗಾರರಿಗೆ ಒಂದು ಮಿತಿ, ಸಾಮಾನ್ಯ ಜನರಿಗೆ ಅದಕ್ಕಿಂತ ಬಿಗಿಯಾದ ಮಿತಿ. ತಾಯಿ ಕೆಲಸಗಾರ್ತಿಯಾಗಿದ್ದರೂ ಹೊಟ್ಟೆಯೊಳಗಿನ ಕೂಸು ಸಾಮಾನ್ಯ ಜನರ ಲೆಕ್ಕಕ್ಕೇ ಸೇರಬೇಕು. ಕೂಸು ಯಾವ ಕೆಲಸದ ಕರಾರಿಗೂ ರುಜು ಹಾಕಿಲ್ಲವಲ್ಲ!

ಕೂಸಿನ ಹೆಸರು ಹೇಳಿ ತಾಯಿಯ ಅನ್ನ ಕೀಳುವವರೂ ಇದ್ದಾರೆ. ಆ ಮೋಸವನ್ನೂ ತಿಳಿದಿರಬೇಕು. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ವಿಲೋ ಐಲೆಂಡ್ ಎಂಬಲ್ಲಿಯ ಬಣ್ಣದ ಕಾರ್ಖಾನೆಯಲ್ಲಿ ಸೀಸದ ಕೆಲಸವಿತ್ತು. ಸೀಸ ಬಸಿರಿಗೆ ಕೆಟ್ಟದ್ದು. ಕಂಪನಿ ಸೀಸದ ಧೂಳನ್ನು ತಗ್ಗಿಸುವ ಬದಲು, ಹೆರುವ ವಯಸ್ಸಿನ ಹೆಂಗಸರು ಆ ಖಾತೆಯಲ್ಲಿರಕೂಡದೆಂದಿತು. ೧೯೭೮ರಲ್ಲಿ ಐದು ಮಂದಿ ಹೆಂಗಸರು ಕೆಲಸ ಉಳಿಸಿಕೊಳ್ಳಲು ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಹೊಟ್ಟೆಪಾಡಿಗಾಗಿ ಹೊಟ್ಟೆಯನ್ನೇ ಬಂಜೆ ಮಾಡಿಕೊಂಡರು. ಬ್ಯಾಟರಿ ತಯಾರಿಸುವ ಇನ್ನೊಂದು ಕಂಪನಿಯ ಇಂಥದೇ ನಿಯಮದ ಮೇಲೆ ಕಾರ್ಮಿಕ ಸಂಘ ಹೂಡಿದ ದಾವೆಯಲ್ಲಿ ೧೯೯೧ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೆಂಗಸರನ್ನು ಹೀಗೆ ಹೊರಗಿಡುವುದು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ನಮ್ಮ ನಿಲುವೂ ಅದೇ. ಕೆಲಸದ ಜಾಗವನ್ನು ಸರಿಮಾಡಿ, ಕೆಲಸಗಾರ್ತಿಯನ್ನು ಕಳೆಯಬೇಡಿ.

ಇನ್ನೊಂದು ಮಾತನ್ನು ಕಾರ್ಖಾನೆಯವರು ಗಮನಿಸಬೇಕು. ಶಾರ್ಟ್‌ವೇವ್ ಯಂತ್ರದ ಅದೇ ಅಲೆಯಿಂದ ಪ್ಲಾಸ್ಟಿಕ್ ಹಾಳೆಗಳನ್ನು ಬೆಸೆಯುವ ಯಂತ್ರಗಳೂ ಇವೆ. ಮಳೆಯಂಗಿ, ಪುಸ್ತಕದ ಹೊದಿಕೆ, ಗಾಡಿಯ ಸೀಟು ಮುಂತಾದವನ್ನು ಹೀಗೆ ಬೆಸೆಯುತ್ತಾರೆ. ಅವುಗಳ ಮುಂದೆ ಕುಳಿತು ದುಡಿಯುವವರಿಗೆ ಅಪಾಯವಿದೆಯೆಂದು ೧೯೭೯ರಲ್ಲಿಯೇ ಅಮೆರಿಕದ ಸರಕಾರಿ ಇಲಾಖೆಗಳು ಎಚ್ಚರಿಕೆ ಹೊರಡಿಸಿದುವು. ಅಂಗಡಿಯಲ್ಲಿ ಚೀಲದ ಬಾಯಿ ಮುಚ್ಚುವ ಬಿಸಿತಂತಿಯ ಯಂತ್ರ ಇದಲ್ಲ. ಅದು ಬರಿಯ ಕಾದ ತಂತಿ, ಅದಕ್ಕೆ ಹೆದರಬೇಕಾಗಿಲ್ಲ.

ಹಾಗಾದರೆ ನಾವು ಬೇಡುವುದೇನು? ಯಂತ್ರವಿರುವ ಕೋಣೆಯಲ್ಲಿ ಎರಡು ಮೀಟರಿನ ಗೆರೆಯನ್ನು ನೆಲದ ಮೇಲೆ ಬಣ್ಣದಲ್ಲಿ ಎಳೆಯಲಿ. ಮಂಚ ಮರದ್ದಾಗಿರಲಿ. ಗುಂಡಿ ತಿರುಗಿಸಿದ ಮೇಲೆ ಕೆಲಸಗಾರರು ಗೆರೆಯ ಆಚೆ ಹೋಗಿ ನಿಲ್ಲಲಿ. ಬಿಸಿ ಹೆಚ್ಚಾದರೆ ಯಂತ್ರ ನಿಲ್ಲಿಸುವ ಗುಂಡಿ ರೋಗಿಯ ಕೈಯಲ್ಲಿಯೇ ಇರಲಿ. ಕೇಬಲ್ಲು ಆಕೆಯ ಕುರ್ಚಿಯ ಬದಿಗೆ ಹಾಯದಿರಲಿ. ಚೆಲ್ಲುವ ಅಲೆಯನ್ನು ಆಗಾಗ ಅಳೆಸಿ, ಅಳತೆಯನ್ನು ಗೋಡೆಗೆ ಅಂಟಿಸಲಿ. ಒಬ್ಬರನ್ನೇ ದಿನವೆಲ್ಲ ಯಂತ್ರದ ಬಳಿ ಇಡದೆ ಸರದಿ ಮಾಡಲಿ. ಬಸುರಿಯರಿಗೆ, ಬಸಿರು ಬಯಸುವವರಿಗೆ ಕೇಳಿದ ದಿನದಿಂದಲೇ ಸಂಬಳ ಕಡಿಯದೆ ಬೇರೆ ಕೆಲಸ ಕೊಡಲಿ; ರೋಗಿಗಳನ್ನು ಎತ್ತಲು ಅವರಿಗೆ ಆಳು ಕೊಡಲಿ.

ಕಾನೂನಿನ ಹಕ್ಕೂ ತಿಳಿದಿರಲಿ. ೧೯೬೧ರ ಹೆರಿಗೆ ಸೌಲಭ್ಯ ಕಾನೂನು ಗರ್ಭಸ್ರಾವವಾದವಳಿಗೆ ಆರು ವಾರಗಳ ಸಂಬಳ ಸಹಿತ ರಜೆ ಕೊಟ್ಟಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಮೊದಲ ಎರಡು ಹೆರಿಗೆಗಳಿಗೆ ರಜೆ ೨೦೧೭ರಲ್ಲಿ ೨೬ ವಾರಗಳಿಗೆ ಏರಿತು. ಆದರೆ ಅಂಗಡಿ, ಸಂಸ್ಥೆಗಳ ಮಟ್ಟಿಗೆ ಈ ಹಕ್ಕು ಹತ್ತು ಜನ ಅಥವಾ ಹೆಚ್ಚು ದುಡಿಯುವ ಕಡೆಗೆ ಮಾತ್ರ. ಪೇಟೆಬೀದಿಯ ಒಂದು ಕೋಣೆಯಲ್ಲಿ ಒಬ್ಬಳೇ ದುಡಿಯುವವಳ ಬಾಗಿಲಿಗೆ ಅದು ಬರುವುದಿಲ್ಲ. ಇಂಥ ಕಡೆಯಲ್ಲಿ ಆಕೆಗೆ ಇರುವ ಬಲ ನೀವು, ಅಂದರೆ ಅವಳ ಬಳಿಗೆ ಹೋಗುವ ರೋಗಿಗಳು, ಅವಳ ಪಕ್ಕದ ಅಂಗಡಿಯವರು.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಮುಂದಿನ ಸಲ ಬೆನ್ನಿಗೆ ಕರೆಂಟು ಕೊಡಿಸಿಕೊಳ್ಳಲು ಹೋದಾಗ, "ಅಕ್ಕಾ, ನೀವು ದೂರ ನಿಲ್ಲಿ, ಬಿಸಿ ಹೆಚ್ಚಾದರೆ ನಾವೇ ಕೂಗುತ್ತೇವೆ" ಎನ್ನಿ. ಮನೆಯ ಬಸುರಿ ಹೆಣ್ಣುಮಗಳನ್ನು ಆ ಕೋಣೆಯೊಳಗೆ ಜೊತೆಗೆ ಕರೆದೊಯ್ಯಬೇಡಿ. ಮೈಯಲ್ಲಿ ಹೃದಯದ ಪೇಸ್‌ಮೇಕರ್ ಇರುವವರು ಮೊದಲೇ ಹೇಳಿ, ಅವರಿಗೆ ಈ ಚಿಕಿತ್ಸೆ ಸಲ್ಲದು. ಸಂಘದ ಮಿತ್ರರು ನಮ್ಮ ಜನ ಹೋಗುವ ಆಸ್ಪತ್ರೆಗಳಿಗೆ ಕಾಗದ ಬರೆದು, ಯಂತ್ರದ ಅಳತೆ ಯಾವಾಗ ಆಯಿತು, ಗೆರೆ ಎಲ್ಲಿದೆ ಎಂದು ಕೇಳಲಿ. ಆ ಹೆಣ್ಣುಮಕ್ಕಳನ್ನು ಮಾತಾಡಿಸಿ, ಅವರೂ ಸಂಘಕ್ಕೆ ಬರಲೆಂದು ಕರೆಯಿರಿ. ನಮ್ಮ ಮೈನೋವು ಬಂದದ್ದು ದುಡಿಮೆಯಿಂದ. ಅದನ್ನು ನೀಗಿಸುವುದೂ ಒಬ್ಬರ ದುಡಿಮೆಯೇ. ಆ ದುಡಿಮೆ ಮಾಡುವವರು ಆರೋಗ್ಯವಾಗಿ ಮನೆಗೆ ಹೋಗುವಂತೆ ನೋಡಿಕೊಳ್ಳುವುದು ನಮ್ಮ ಮೇಲಿರುವ ಸಾಲ. ಅದನ್ನು ತೀರಿಸೋಣ.